ಓಟು ಕೇಳಿದ ಹೆಂಗಸರ ಸುರುಳಿ

ಹೊಸ ಕಾಗದವನ್ನು ಹಳೆಯದು ಮಾಡಲು ಹಾಲು ಹಾಕದ ಚಹಾ ಸಾಕು. ಆದರೆ ಎಲ್ಲ ಹಾಳೆಗಳನ್ನೂ ಒಂದೇ ಪಾತ್ರೆಯ ಚಹಾದಲ್ಲಿ ಅದ್ದಿದರೆ ಕೆಲಸ ಕೆಟ್ಟಿತು. ಒಂದೇ ಬಣ್ಣಕ್ಕೆ ತಿರುಗಿದ ಹಾಳೆಗಳು ಒಂದೇ ಮನೆಯಿಂದ ಬಂದ ಹಾಗೆ ಕಾಣುತ್ತವೆ. ನನಗೆ ಬೇಕಿದ್ದದ್ದು ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಯ ಮೇಜುಗಳ ಮೇಲೆ ಬಿದ್ದೆದ್ದು ಅಂಚೆಯಲ್ಲಿ ಬಂದ ಹಾಳೆಗಳು. ಹಾಗಾಗಿ ವರ್ಕ್‌ಶಾಪಿನಲ್ಲಿ ಸಾಲಾಗಿ ಬೇಸಿನ್ ಇಟ್ಟು, ಒಂದರಲ್ಲಿ ಗಟ್ಟಿ ಚಹಾ, ಒಂದರಲ್ಲಿ ತೆಳು, ಇನ್ನೊಂದರಲ್ಲಿ ಚಿಟಿಕೆ ಕಾಫಿ ಬೆರೆಸಿದ್ದು, ಹೀಗೆ ಮಾಡಿಕೊಂಡಿದ್ದೆ. ನಮ್ಮ ಮ್ಯಾನೇಜರ್ ಬಂದು ಮೂಸಿ ನೋಡಿ, ಬಿಸ್ಕಿಟು ಎಲ್ಲಿ ಎಂದು ಕೇಳಿ ಹೋದರು.

ನಾನು ಕೆಲಸಕ್ಕಿದ್ದದ್ದು ದೋಹಾದಲ್ಲಿ ಪ್ರದರ್ಶನಗಳಿಗೆ ಬೇಕಾದ ವಸ್ತುಗಳನ್ನು ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ. ಆ ಸಲ ಒಂದು ಸಾಂಸ್ಕೃತಿಕ ಕೇಂದ್ರದವರು, ಜನಸಾಮಾನ್ಯರು ಆಳುವವರ ಹತ್ತಿರ ಬರಹದಲ್ಲಿ ಏನೇನು ಕೇಳಿದ್ದಾರೆ ಎನ್ನುವುದರ ಪ್ರದರ್ಶನ ಇಟ್ಟಿದ್ದರು. ಅದರಲ್ಲಿ ಒಂದು ವಸ್ತು, ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಹೆಂಗಸರು ನಮಗೂ ಓಟು ಬೇಕು ಎಂದು ಪಾರ್ಲಿಮೆಂಟಿಗೆ ಕೊಟ್ಟ ಅರ್ಜಿ. ಒಂದೂವರೆ ಸಾವಿರದಷ್ಟು ಹೆಂಗಸರು ಸಹಿ ಹಾಕಿದ್ದರು. ಹಾಳೆಗಳನ್ನು ಊರೂರಿಗೆ ಕಳಿಸಿ, ಸಹಿಯಾಗಿ ವಾಪಸು ಬಂದದ್ದನ್ನು ಒಂದಕ್ಕೊಂದು ಅಂಟಿಸಿ ದೊಡ್ಡ ಸುರುಳಿ ಮಾಡಿದ್ದರು. ಆ ಸುರುಳಿ ಈಗ ಇಲ್ಲ. ಸಹಿ ಹಾಕಿದವರ ಹೆಸರುಗಳನ್ನು ಆಗಲೇ ಅಚ್ಚು ಹಾಕಿಸಿದ್ದರಿಂದ ಹೆಸರುಗಳು ಮಾತ್ರ ಉಳಿದಿವೆ. ಆ ಹೆಸರುಗಳನ್ನು ಇಟ್ಟುಕೊಂಡು ಸುರುಳಿಯನ್ನು ಮತ್ತೆ ಮಾಡಿಕೊಡಬೇಕು. ಅದು ನಾನು ಒಬ್ಬಳೇ ಜವಾಬ್ದಾರಿ ಹೊತ್ತ ಮೊದಲ ಕೆಲಸ. ನನ್ನ ಪ್ರೊಬೇಷನ್ ಕೂಡ ಅದೇ ತಿಂಗಳು ಮುಗಿಯುವುದಿತ್ತು. ಸುರುಳಿ ಪಾಸಾದರೆ ನಾನೂ ಪಾಸು. ಇಲ್ಲದಿದ್ದರೆ ಮತ್ತೆ ಅಲ್ ಗರಾಫಾದ ನಮ್ಮ ಫ್ಲ್ಯಾಟಿನಲ್ಲಿ ವಾಷಿಂಗ್ ಮಷೀನಿನ ಎದುರು.

ಮೊದಲನೇ ಸಲ ನಾನು ಬುದ್ಧಿವಂತಿಕೆ ಮಾಡಲು ಹೋದೆ. ಹಳೇ ಕೈಬರಹದಂತೆ ಕಾಣುವ ಫಾಂಟುಗಳನ್ನು ಹುಡುಕಿ, ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಚಹಾ ಕಾಗದದ ಮೇಲೆ ಪ್ರಿಂಟ್ ಹಾಕಿ ಒಂದು ಮಾದರಿ ತೋರಿಸಿದೆ. ಆ ಕೇಂದ್ರದಲ್ಲಿ ಪ್ರದರ್ಶನದ ಉಸ್ತುವಾರಿ ನೋಡುವ ಕ್ಯೂರೇಟರ್ ಇಂಗ್ಲಿಷ್ ಹೆಂಗಸು, ಮೆಲ್ಲಗೆ ಮಾತಾಡುವವಳು. ಕನ್ನಡಕ ಹಣೆಗೇರಿಸಿ ಹಾಳೆಯ ಹತ್ತಿರ ಮುಖ ತಂದು ನೋಡಿದಳು. ಒಂದು ಹೆಸರಿನ ಮೇಲೆ ಬೆರಳಿಟ್ಟಳು, ಇನ್ನೊಂದರ ಮೇಲೆ ಇಟ್ಟಳು, ಮತ್ತೊಂದರ ಮೇಲೆ. ಈ ಮೂವರಿಗೂ ಒಂದೇ ಕೈ ಇದೆಯಲ್ಲ ಎಂದಳು. ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಕೈಯಲ್ಲೇ ಬರೆಸಬೇಕು, ಹೆಂಗಸರಿಂದಲೇ ಬರೆಸಬೇಕು ಎಂದು ಆವತ್ತೇ ತೀರ್ಮಾನವಾಯಿತು. ಸುರುಳಿಯ ಪಕ್ಕದ ಫಲಕದಲ್ಲಿ, ಈ ಹೆಸರುಗಳನ್ನು ದೋಹಾದಲ್ಲಿರುವ ಹೆಂಗಸರು ತಮ್ಮ ಕೈಯಾರೆ ಬರೆದಿದ್ದಾರೆ ಎಂಬ ಸಾಲನ್ನೂ ಆಕೆ ಸೇರಿಸಿದಳು. ಹೊರಡುವಾಗ ಆ ಅರ್ಜಿಯ ಕಥೆ ಹೇಳಿದಳು. ಅದನ್ನು ಪಾರ್ಲಿಮೆಂಟಿಗೆ ಹೊತ್ತು ತಂದ ಇಬ್ಬರು ಹೆಂಗಸರಿಗೆ, ಎಲ್ಲರ ಕಣ್ಣೆದುರು ಅಷ್ಟು ದೊಡ್ಡ ಸುರುಳಿ ಹಿಡಿದು ನಿಲ್ಲಲು ಮುಜುಗರವಾಯಿತಂತೆ. ಅಲ್ಲೇ ದೊಡ್ಡ ಹಜಾರದಲ್ಲಿ ಸೇಬು ಮಾರುತ್ತಿದ್ದ ಮುದುಕಿಯ ಹತ್ತಿರ ಕೇಳಿಕೊಂಡು, ಅವಳ ಅಂಗಡಿಯ ಅಡಿ ಸುರುಳಿಯನ್ನು ಬಚ್ಚಿಟ್ಟರಂತೆ. ಇನ್ನೂ ಒಂದು ಹೇಳಿದಳು. ಆ ಅರ್ಜಿ ಕೇಳಿದ್ದು ಸ್ವಂತ ಮನೆ, ಆಸ್ತಿ ಇದ್ದವರಿಗೆ ಓಟು. ಮದುವೆಯಾದ ಹೆಂಗಸಿನ ಆಸ್ತಿ ಆಗ ಗಂಡನದ್ದೇ. ಅಂದರೆ ಸಹಿ ಹಾಕಿದ ಗೃಹಿಣಿಯರಿಗೆ, ಅರ್ಜಿ ಗೆದ್ದರೂ ಏನೂ ಸಿಗುವುದಿರಲಿಲ್ಲ. ಸಿಗದಿದ್ದರೂ ಸಹಿ ಹಾಕಿದ್ದರು. ನನಗೆ ಆ ಮಾತು ತಲೆಯಲ್ಲೇ ಉಳಿಯಿತು.

ಹೆಂಗಸರನ್ನು ಎಲ್ಲಿಂದ ತರುವುದು? ನಮ್ಮ ಕರಾವಳಿ ಜನರ ಸಂಘ ಉಂಟಲ್ಲ ಎಂದರು ನಮ್ಮವರು. ನಮ್ಮವರೆಂದರೆ ನನ್ನ ಗಂಡ, ಸಿವಿಲ್ ಇಂಜಿನಿಯರ್, ಸಂಘದ ಜತೆ ಕಾರ್ಯದರ್ಶಿ. ಸಂಘದ ಮಹಿಳಾ ವಿಭಾಗಕ್ಕೊಂದು ವಾಟ್ಸಾಪ್ ಗ್ರೂಪ್ ಇದೆ, ಅದಕ್ಕೆ ನನ್ನನ್ನು ಸೇರಿಸಿದರು. ನಾನು ಉದ್ದದ ಮೆಸೇಜು ಹಾಕಿದೆ. ಏನು ಕೆಲಸ, ಯಾಕೆ, ಹೆಂಗಸರೇ ಬರೆಯಬೇಕು, ಕರ್ಸಿವ್‌ನಲ್ಲಿ ಬರೆಯಬೇಕು, ಒಬ್ಬರು ಬರೆದ ಹಾಗೆ ಇನ್ನೊಬ್ಬರು ಬರೆಯುವುದು ಬೇಡ, ಅವರವರ ಕೈ ಹೇಗಿದೆಯೋ ಹಾಗೇ ಇರಲಿ, ಎಲ್ಲ ವಿವರಿಸಿದೆ. ಉತ್ತರಗಳು ಧಡಧಡ ಬಂದವು. ಓಕೆ ಮೇಡಂ, ಆಯ್ತು, ಖಂಡಿತ, ಹೆಬ್ಬೆರಳು, ಕೈಮುಗಿದ ಚಿತ್ರ. ಡಿಪಿಗಳಲ್ಲಿ ಮಕ್ಕಳು, ಗಣಪತಿ, ಗುಲಾಬಿ ಹೂ. ನನಗೆ ಕಣ್ಣು ತುಂಬಿ ಬಂತು. ಶುಕ್ರವಾರ ಸಂಘದ ಕೂಟದಲ್ಲಿ ಹಾಳೆಗಳ ಲಕೋಟೆಗಳನ್ನೂ ಇಂಕ್ ಪೆನ್ನುಗಳನ್ನೂ ನಮ್ಮವರ ಕೈಯಲ್ಲಿ ಕಳಿಸಿದೆ. ಮುಂದಿನ ಶುಕ್ರವಾರ ಒಂದು ಚೀಲದ ತುಂಬ ಅವರೇ ವಾಪಸು ತಂದುಕೊಟ್ಟರು. ಒಂದು ಲಕೋಟೆಯೂ ತಪ್ಪಿರಲಿಲ್ಲ.

ಅಂಟಿಸುವ ಕೆಲಸ ಸುಲಭದ್ದಲ್ಲ. ನನಗೆ ಗೊತ್ತಿದ್ದದ್ದು ಮೈದಾ ಅಂಟು. ಊರಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವರು ಅದಕ್ಕೆ ಚೂರು ಮೈಲುತುತ್ತು ಹಾಕುತ್ತಾರೆ, ಹುಳ ಬರುವುದಿಲ್ಲ. ಕೇಂದ್ರದವರು ಮೈದಾ ಎಂದ ಕೂಡಲೇ ಬೇಡವೇ ಬೇಡ ಎಂದರು. ಒಂದು ಜಿರಲೆ ಬಂದರೆ ಅಲ್ಲಿರುವ ನಿಜವಾದ ಹಳೇ ಕಾಗದಗಳಿಗೂ ಆಪತ್ತು. ಅವರು ಹೇಳಿದ್ದು ಸೆಲ್ಯುಲೋಸ್ ಅಂಟು, ನೀರಿನಲ್ಲಿ ನೆನೆಸಿಟ್ಟರೆ ಗಂಜಿಯ ತಿಳಿಯ ಹಾಗೆ ಆಗುತ್ತದೆ. ಒಂದು ಹಾಳೆಯ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಬೆರಳಗಲ ಕೂರಿಸಿ, ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಮೇಲೆ ಬಟ್ಟೆ ಹಾಸಿ ಭಾರ ಇಡಬೇಕು. ಮೊದಲ ದಿನದ ಭಾಗ ಒಣಗಿದಾಗ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಕಾಗದಕ್ಕೂ ಮರದ ಹಾಗೆ ಒಂದು ಎಳೆ ಇದೆ. ಕತ್ತರಿಸುವಾಗ ನಾನು ಕೆಲವು ಹಾಳೆಗಳನ್ನು ಉದ್ದಕ್ಕೆ, ಕೆಲವನ್ನು ಅಡ್ಡಕ್ಕೆ ಕತ್ತರಿಸಿಬಿಟ್ಟಿದ್ದೆ. ಒಂದರ ಎಳೆ ಹೀಗೆ, ಇನ್ನೊಂದರದ್ದು ಹಾಗೆ ಆದರೆ ಎರಡೂ ಜಗಳಾಡಿ ಎದ್ದು ಕೂರುತ್ತವೆ. ಹೊರಗಿನ ಸೆಕೆಗೆ ಬಾಗಿಲು ತೆಗೆದರೆ ಸಾಕು, ಕಾಗದ ಮೆತ್ತಗಾಗುತ್ತಿತ್ತು. ಏಸಿ ಕೆಳಗಿಟ್ಟರೆ ಮುದುಡುತ್ತಿತ್ತು. ಹಾಳೆಗಳನ್ನು ಎಳೆ ನೋಡಿ ಬೇರೆ ಮಾಡಿ, ಅಡ್ಡ ಎಳೆಯವನ್ನು ಒಂದು ಕಡೆ, ಉದ್ದದವನ್ನು ಒಂದು ಕಡೆ ಸೇರಿಸಿ, ನಡುವೆ ಮಾತ್ರ ಒಂದು ತೆಳು ಪಟ್ಟಿ ಕೊಟ್ಟು ಸುಧಾರಿಸಿದೆ. ಬೆನ್ನು ಬಿದ್ದು ಹೋಯಿತು.

ಹತ್ತಿರದಿಂದ ಕೆಲಸ ಮಾಡುವಾಗ ಜೋಡಣೆ ಮಾತ್ರ ಕಾಣುತ್ತದೆ, ಬರಹ ಕಾಣುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮುಗಿದ ದಿನ ಸುರುಳಿಯನ್ನು ಉದ್ದದ ಮೇಜಿನ ಮೇಲೆ ಬಿಚ್ಚಿ, ಒಂದು ಲೋಟ ಸುಲೈಮಾನಿ ಚಹಾ ಹಿಡಿದು ದೂರ ನಿಂತು ನೋಡಿದೆ. ನಡುವಿನ ಒಂದು ಭಾಗ ಕಣ್ಣಿಗೆ ಚುಚ್ಚಿತು. ಸುತ್ತಮುತ್ತ ಬರಹ ಏರಿ ಇಳಿದು ಹೋಗುತ್ತಿದ್ದರೆ, ಅಲ್ಲಿ ಮಾತ್ರ ಎಲ್ಲ ಅಕ್ಷರಗಳ ತಲೆಯೂ ಒಂದೇ ಗೆರೆಗೆ ನಿಂತಿತ್ತು. ಕಟ್ಟಡದ ನಕ್ಷೆಯ ಮೂಲೆಯಲ್ಲಿ ಬರೆಯುತ್ತಾರಲ್ಲ, ಹಾಗೆ. ಹತ್ತಿರ ಹೋದೆ. ‘ಆರ್’ ಅಕ್ಷರದ ಕಾಲು ಮುಂದಕ್ಕೆ ಚಾಚಿ, ತುದಿಯಲ್ಲಿ ಚೂರು ಮೇಲೆದ್ದಿತ್ತು.

ಆ ಕಾಲು ನನಗೆ ಗೊತ್ತು. ಮದುವೆಯಾಗಿ ಈ ದೇಶಕ್ಕೆ ಬಂದಾಗಿನಿಂದ ನೋಡಿದ್ದೇನೆ. ನನ್ನ ಐಡಿ ಕಾರ್ಡಿನ ಅರ್ಜಿ, ಹೆಲ್ತ್ ಕಾರ್ಡಿನದ್ದು, ಮಗಳ ಶಾಲೆಯದ್ದು, ಕೊನೆಗೆ ಈ ಕೆಲಸದ ಪರವಾನಗಿಯದ್ದು, ಎಲ್ಲವನ್ನೂ ತುಂಬಿದ್ದು ನಮ್ಮವರೇ. ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಕೊಡುತ್ತಾರೆ, ನಾನು ಹಾಕುತ್ತೇನೆ. ಇಲ್ಲಿ ಎಲ್ಲರ ಮನೆಯಲ್ಲೂ ಹಾಗೇ, ಅದರಲ್ಲಿ ನನಗೂ ಯಾವತ್ತೂ ಏನೂ ಅನ್ನಿಸಿರಲಿಲ್ಲ.

ಕಂಪನಿಯಿಂದ ಮನೆಗೆ ಕರೆದುಕೊಂಡು ಹೋಗಲು ಅವರು ಬಂದರು. ಕಾರು ಹತ್ತಿ ಬೆಲ್ಟ್ ಹಾಕುವುದರೊಳಗೇ ಕೇಳಿದೆ, ಹಾಳೆ ಬರೆದದ್ದು ನೀವಾ ಎಂದು. ಅವರು ನಗುತ್ತಾ ಒಪ್ಪಿಕೊಂಡರು. ಅಡಗಿಸುವಂಥದ್ದು ಏನಿದೆ ಎಂಬ ಹಾಗೆ.

“ಒಂದಷ್ಟು ಲಕೋಟೆ ಖಾಲಿ ಬಂದಿತ್ತು ಮಾರಾಯ್ತಿ. ಊಟದ ಬ್ರೇಕಲ್ಲಿ ಆಫೀಸಿನ ನಾವು ಮೂರು ಜನ ಇಂಜಿನಿಯರುಗಳು ಕೂತು ಬರ್ದು ಮುಗಿಸಿದ್ದು. ನಿನಗೆ ಸಹಾಯ ಆಗ್ಲಿ ಅಂತ.”

“ಹೆಂಗಸರೇ ಬರೆಯಬೇಕು ಅಂತ ಮೆಸೇಜಲ್ಲಿ ಹಾಕಿದ್ದೆನಲ್ಲ?”

“ಹೆಸರು ಹೆಂಗಸರದ್ದೇ ಅಲ್ವಾ? ಗಂಡಸರ ಹೆಸರು ಬರ್ದಿದ್ದೇವಾ?”

ಸಿಗ್ನಲ್ ಬಿಟ್ಟಿತು. ಆಮೇಲೆ ಮೆಲ್ಲಗೆ ಕೇಳುತ್ತಾ ಹೋದಾಗ ಪೂರ್ತಿ ಕಥೆ ಹೊರಬಿತ್ತು. ಸಂಘದ ಸದಸ್ಯತ್ವ ಗಂಡಂದಿರ ಹೆಸರಿನಲ್ಲಿ, ಪಟ್ಟಿಯಲ್ಲಿರುವುದು ಅವರ ಮೊಬೈಲ್ ನಂಬರು. ಮಹಿಳಾ ವಿಭಾಗದ ಗ್ರೂಪ್ ಮಾಡುವಾಗ ಯಾರೋ ಆ ಪಟ್ಟಿಯಿಂದಲೇ ನಂಬರು ಎತ್ತಿ ಹಾಕಿದ್ದಾರೆ. ಅಂದರೆ ಮಹಿಳಾ ವಿಭಾಗದಲ್ಲಿ ಇರುವುದು ನಾನೊಬ್ಬಳನ್ನು ಬಿಟ್ಟರೆ ಪೂರಾ ಗಂಡಸರು. ಓಕೆ ಮೇಡಂ ಎಂದವರೂ ಅವರೇ, ಕೈಮುಗಿದವರೂ ಅವರೇ. ಇಷ್ಟು ವರ್ಷ ಯಾರಿಗೂ ಇದರಿಂದ ತೊಂದರೆ ಆಗಿರಲಿಲ್ಲ. ಸತ್ಯನಾರಾಯಣ ಪೂಜೆಗೆ ಪಾಯಸ ಯಾರು ಮಾಡುತ್ತೀರಿ ಎಂದು ಕೇಳಿದರೆ ಗಂಡಸರು ಒಪ್ಪಿಕೊಳ್ಳುತ್ತಿದ್ದರು, ಹೆಂಗಸರು ಮಾಡುತ್ತಿದ್ದರು.

ಮನೆಗೆ ಹೋಗಿ, ಯಾರ ಲಕೋಟೆಯಲ್ಲಿ ಯಾವ ಹೆಸರುಗಳು ಹೋಗಿದ್ದವೆಂಬ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹಾಳೆಗಳನ್ನು ನಿಜವಾಗಿಯೂ ಹೆಂಡತಿಯ ಕೈಗೆ ಕೊಟ್ಟವರೂ ಇದ್ದರು. ಆದರೆ ಮೂರರಲ್ಲಿ ಒಂದು ಭಾಗವಾದರೂ ಗಂಡಸರೇ ಬರೆದದ್ದು. ಒಬ್ಬರು ಅವಳಿಗೆ ಪುರುಸೊತ್ತಿಲ್ಲ ಎಂದರು. ಒಬ್ಬರು ಅವಳ ಅಕ್ಷರ ಚೆಂದ ಇಲ್ಲ ಎಂದರು. ಇನ್ನೊಬ್ಬರು, ಗೊತ್ತಿಲ್ಲದ ಕಾಗದಕ್ಕೆ ಮನೆಯವಳು ಸಹಿ ಹಾಕಿ ನಾಳೆ ವೀಸಾಕ್ಕೆ ಏನಾದರೂ ಆದರೆ ಎಂದು ನನ್ನನ್ನೇ ಕೇಳಿದರು. ಸಿಟ್ಟು ಮಾಡಿಕೊಳ್ಳಲು ಒಬ್ಬ ಕೆಟ್ಟವನಾದರೂ ಸಿಗಬೇಕಲ್ಲ, ಯಾರೂ ಸಿಗಲಿಲ್ಲ. ಎಲ್ಲರೂ ಸಹಾಯವೇ ಮಾಡಿದ್ದರು.

ಮರುದಿನ ಮ್ಯಾನೇಜರಿಗೆ ವಿಷಯ ಹೇಳಿದೆ. ಅವರು ಮಲಯಾಳಿ, ನನ್ನ ಜತೆ ಹಿಂದಿಯಲ್ಲಿ ಮಾತಾಡುತ್ತಾರೆ, ಮನುಷ್ಯ ಒಳ್ಳೆಯವರು. ಗಾಜಿನ ಒಳಗಿರುವ ಕಾಗದವನ್ನು ಯಾರು ಬರೆದರೆಂದು ಯಾವ ಪೊಲೀಸು ಕೇಳುತ್ತಾನೆ, ಯಲ್ಲಾ, ಬೇಗ ಬೇಗ ಅಂಟಿಸಿ ಖಲಾಸ್ ಮಾಡು ಎಂದರು. ನಿನ್ನ ಪ್ರೊಬೇಷನ್ ಕಾಗದ ನನ್ನ ಮೇಜಿನ ಮೇಲಿದೆ, ಅದನ್ನೂ ನೆನಪಿಟ್ಟುಕೋ ಎಂದರು. ಬೆದರಿಸಲು ಹೇಳಿದ್ದಲ್ಲ, ಕಾಳಜಿಯಿಂದಲೇ ಹೇಳಿದ್ದು. ಹೇಳುವುದರಲ್ಲಿ ಸುಳ್ಳೂ ಇರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಮೇಜಿನ ಹತ್ತಿರ ಹೋಗಿ ಕುಳಿತೆ. ತಮಗೆ ಏನೂ ಸಿಗುವುದಿಲ್ಲವೆಂದು ಗೊತ್ತಿದ್ದೂ ಸಹಿ ಹಾಕಿದ ಆ ಗೃಹಿಣಿಯರ ನೆನಪಾಯಿತು. ಅವರಿಗೆ ಇದ್ದದ್ದು ಆ ಒಂದು ಸಹಿ. ಅದನ್ನೂ ಇಲ್ಲಿ ಊಟದ ಬ್ರೇಕಿನಲ್ಲಿ ಮೂವರು ಇಂಜಿನಿಯರುಗಳು ಹಾಕಿ ಮುಗಿಸಿದ್ದರು. ನನಗೆ ಅಳುವೂ ಬಂತು, ನಗುವೂ ಬಂತು. ಕ್ಯೂರೇಟರಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆಕೆ ಕ್ಯಾಲೆಂಡರ್ ಮಗುಚುವ ಸದ್ದು ಕೇಳಿಸಿತು. ಆಮೇಲೆ ಭಾನುವಾರದವರೆಗೆ ಸಮಯ ಕೊಡಬಹುದು, ಅದಕ್ಕಿಂತ ಹೆಚ್ಚು ಆಗದು ಎಂದಳು. ಅಷ್ಟರಲ್ಲಿ ಆಗದಿದ್ದರೆ ಸುರುಳಿಯ ಜಾಗದಲ್ಲಿ ಮುದ್ರಿತ ಪಟ್ಟಿಯ ದೊಡ್ಡ ಫೋಟೊ ಹಾಕುವುದು, ನಮ್ಮ ಕೆಲಸ ರದ್ದು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ತಲೆ ಚಚ್ಚಿಕೊಂಡು ಹೋದರು.

ಒದ್ದೆ ಮಾಡಿ ಬಿಡಿಸಿದರೆ ಪಕ್ಕದ ಹಾಳೆಯ ಇಂಕು ಹರಡುತ್ತಿತ್ತು. ಹಾಗಾಗಿ ಬ್ಲೇಡಿನಿಂದ ಜೋಡಣೆಯ ಗೆರೆಗೇ ಕೊಯ್ದು ಗಂಡಸರ ಹಾಳೆಗಳನ್ನು ತೆಗೆದೆ. ಸುರುಳಿ ತುಂಡು ತುಂಡಾಗಿ ಮೇಜಿನ ಮೇಲೆ ಬಿತ್ತು. ಹೊಸ ಹಾಳೆಗಳನ್ನು ಈ ಸಲ ಎಳೆ ನೋಡಿಯೇ ಕತ್ತರಿಸಿ ಚಹಾಕ್ಕೆ ಹಾಕಿದೆ. ಕಾಗದ ತಯಾರಾಯಿತು. ಹೆಂಗಸರು? ಗಂಡಂದಿರ ನಂಬರು ದಾಟಿ ಅವರನ್ನು ತಲುಪುವುದು ಹೇಗೆ?

ಆವತ್ತು ಬುಧವಾರ. ಫೋನಿನಲ್ಲಿ ಮಲ್ಲಿಗೆ ಗ್ರೂಪಿನ ಮೆಸೇಜು ಬಂತು, ಯಾರಿಗೆ ಎಷ್ಟು ಚೆಂಡು ಹೂ ಬೇಕು ಬೇಗ ಹೇಳಿ ಎಂದು. ಅದನ್ನು ನಾನು ಪ್ರತೀ ವಾರ ನೋಡುತ್ತೇನೆ, ಉತ್ತರ ಕೊಡುತ್ತೇನೆ, ಆದರೆ ತಲೆಗೆ ಹೋಗಿರಲಿಲ್ಲ. ಗುರುವಾರ ಊರಿನಿಂದ ವಿಮಾನದಲ್ಲಿ ಶಂಕರಪುರ ಮಲ್ಲಿಗೆ ಬರುತ್ತದೆ, ಜತೆಗೆ ಬಸಳೆ, ಹರಿವೆ. ದೋಹಾ ಅಲ್ ಜದೀದಾದ ಒಂದು ತರಕಾರಿ ಅಂಗಡಿಯಲ್ಲಿ ಸಂಜೆ ಹೋಗಿ ತೆಗೆದುಕೊಳ್ಳಬೇಕು. ಗ್ರೂಪ್ ನಡೆಸುವವರು ಕಾಪು ಕಡೆಯ ಒಬ್ಬ ಹೆಂಗಸು, ನಾವೆಲ್ಲ ಹೂವಿನಕ್ಕ ಎನ್ನುತ್ತೇವೆ. ಆ ಗ್ರೂಪಿನಲ್ಲಿ ಗಂಡಸರು ಒಬ್ಬರೂ ಇಲ್ಲ. ಹೂವಿನ ವಿಷಯ ನೋಡಿ, ಅಲ್ಲಿ ಅವರಿಗೇನು ಕೆಲಸ.

ಹೂವಿನಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಂಗಡಿಯ ಒಳಗೆ ಒಂದು ಮೇಜು ಹಾಕಲು ಅವರೇ ಮಾಲೀಕರನ್ನು ಒಪ್ಪಿಸಿದರು. ಗುರುವಾರ ನಾನು ಹಾಳೆ, ಪೆನ್ನು, ಇಂಕು ಹೀರುವ ಒತ್ತುಕಾಗದ ಹೊತ್ತುಕೊಂಡು ಹೋದಾಗ ಈರುಳ್ಳಿ ಚೀಲಗಳ ಪಕ್ಕ ಜಾಗವಾಗಿತ್ತು. ಬರೆದು ಮುಗಿದ ಹಾಳೆಗಳನ್ನು ಎಲ್ಲಿಡುವುದು ಎಂದು ನೋಡುತ್ತಿದ್ದರೆ, ಹೂವಿನಕ್ಕ ಮಲ್ಲಿಗೆಯ ಪೆಟ್ಟಿಗೆ ಇಟ್ಟಿದ್ದ ಹಲಗೆಯ ಕೆಳಗಿನ ಒಣ ಖಾನೆ ತೋರಿಸಿದರು. ಸೇಬು ಮಾರುವ ಮುದುಕಿಯ ಕಥೆ ಅವರಿಗೆ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಹೆಂಗಸರು ಬರತೊಡಗಿದರು.

ಮೊದಲು ಬಂದವರೆಲ್ಲ ಹೂ ತೆಗೆದುಕೊಂಡು ಹೊರಡುವ ಅಂದಾಜಿನಲ್ಲಿದ್ದರು. ಹೊರಗೆ ಗಂಡ ಗಾಡಿಯಲ್ಲಿ ಕಾಯುತ್ತಿದ್ದಾರೆ, ಪಾರ್ಕಿಂಗ್ ಇಲ್ಲ, ಹಾರ್ನ್ ಕೇಳಿಸುತ್ತಿದೆ. ನಾನು ಮೆಲ್ಲನೆ ವಿವರಿಸಲು ಹೊರಟರೆ ಯಾರಿಗೂ ಕೇಳುವ ವ್ಯವಧಾನವಿಲ್ಲ. ಹೂವಿನಕ್ಕ ನೋಡಿ ನೋಡಿ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಕೈ ಊರಿ ನಿಂತರು.

“ಬರ್ದವರಿಗೆ ಹೂ. ಬರೆಯದವರು ಮುಂದಿನ ವಾರ ಬನ್ನಿ.”

ಆಮೇಲೆ ಸಾಲು ನಿಂತಿತು. ಹಾರ್ನ್‌ಗಳು ಹೊಡೆದುಕೊಳ್ಳುತ್ತಲೇ ಇದ್ದವು, ಯಾರೂ ತಿರುಗಿ ನೋಡಲಿಲ್ಲ. ಪೆನ್ನು ಹಿಡಿದು ಎಷ್ಟೋ ವರ್ಷವಾಯಿತು ಎಂದು ಬೆರಳು ಲಟಿಕೆ ತೆಗೆದವರೇ ಹೆಚ್ಚು. ಈಗೆಲ್ಲ ಫೋನಿನಲ್ಲಿ ಹೆಬ್ಬೆರಳಿನದ್ದೇ ಕೆಲಸ. ಆಸ್ಪತ್ರೆಯ ನರ್ಸ್ ಒಬ್ಬರು ಡಾಕ್ಟರರ ಹಾಗೆ ಗೀಚಿದರು. ಮೈಸೂರಿನ ಒಬ್ಬರು, ಅಕ್ಕಪಕ್ಕದ ಮನೆಯವರಿಂದ ಕೇಳಿ ಈ ಗ್ರೂಪಿಗೆ ಬಂದವರು, ನಾಲಿಗೆ ತುದಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬಿಡಿಸಿದರು. ಬ್ಯಾರಿ ಹೆಂಗಸೊಬ್ಬರ ಕೈಯಲ್ಲಿ ಅಕ್ಷರಗಳು ಎಡಕ್ಕೆ ವಾಲಿದವು. ಹೂವಿನಿಂದ ನೀರು ಬಿದ್ದು ಎರಡು ಹೆಸರು ಅಳಿಸಿದ ಹಾಗಾಯಿತು, ಅದನ್ನು ಹಾಗೇ ಬಿಟ್ಟೆ. ಗಂಡನಿಗೆ ಹೆಂಡತಿಯ ಅಕ್ಷರ ಚೆಂದ ಇಲ್ಲ ಎನ್ನಿಸಿತ್ತಲ್ಲ, ಆ ಹೆಂಗಸೂ ಬಂದರು. ಅವರ ಅಕ್ಷರ ನಿಜಕ್ಕೂ ಚೆಂದ ಇರಲಿಲ್ಲ. ನನಗೆ ಬೇಕಿದ್ದದ್ದೇ ಅದು.

ಹಿರಿಯ ಹೆಂಗಸೊಬ್ಬರು, ಮಗನ ಮನೆಗೆಂದು ಬಂದವರು, ಬರೆಯುತ್ತಾ ಬರೆಯುತ್ತಾ ನಿಲ್ಲಿಸಿ ಕೇಳಿದರು.

“ಇವರಿಗೆ ಓಟು ಸಿಕ್ಕಿತಾ ಮಗಾ?”

“ಕೂಡಲೇ ಸಿಗಲಿಲ್ಲ ಅಮ್ಮ. ಐವತ್ತು ವರ್ಷದ ಮೇಲೆ, ಅದೂ ಎಲ್ಲರಿಗೂ ಅಲ್ಲ.”

“ಅಷ್ಟರಲ್ಲಿ ಇವರು?”

“ತುಂಬಾ ಜನ ತೀರಿಹೋಗಿ ಆಗಿತ್ತು.”

ಅವರು ಮತ್ತೆ ಪೆನ್ನು ಊರಿದರು. ಇನ್ನೂ ಸಾಲಿದೆ, ಒಂದೊಂದೇ ಹೆಸರು ಸಾಕಮ್ಮ ಎಂದು ಹಿಂದಿನಿಂದ ಯಾರೋ ಹೇಳಿದರೂ ಎದ್ದೇಳಲಿಲ್ಲ, ಹಾಳೆ ಮುಗಿಸಿಯೇ ಎದ್ದರು. ಹೂ ಮರೆತು ಹೊರಟಿದ್ದರು, ಹೂವಿನಕ್ಕ ಕರೆದು ಕೊಟ್ಟರು.

ಶುಕ್ರ, ಶನಿ ಎರಡೂ ದಿನ ವರ್ಕ್‌ಶಾಪಿನಲ್ಲೇ ಕಳೆದವು. ತುಂಡುಗಳ ನಡುವೆ ಹೊಸ ಹಾಳೆ ಕೂರಿಸಿ, ಅಂಟು ಹಚ್ಚಿ, ಭಾರವಿಟ್ಟು, ಒಣಗಿದ ಮೇಲೆ ದಪ್ಪ ಕೊಳವೆಗೆ ಸುತ್ತಿ, ಮತ್ತೆ ಬಿಚ್ಚಿ ನೋಡಿದೆ. ಇನ್ನೂ ಕೆಲವು ಸಾಲು ಖಾಲಿ ಉಳಿದಿದ್ದವು. ಅದರಲ್ಲಿ ಒಂದನ್ನು ನಾನೇ ಬರೆದೆ, ಉಳಿದದ್ದನ್ನು ಪಕ್ಕದ ಕಂಪನಿಯ ಫಿಲಿಪೈನ್ಸ್ ಹುಡುಗಿಯರು ಬರೆದುಕೊಟ್ಟರು. ನಮ್ಮವರು ಮನೆಯಲ್ಲಿ ಮಗಳನ್ನು ನೋಡಿಕೊಂಡರು, ಊಟ ತಂದು ಮೇಜಿನ ತುದಿಗಿಟ್ಟು ಹಾಗೇ ಹೊರಟುಹೋದರು. ಬ್ಲೇಡಿನಿಂದ ಕೊಯ್ದು ತೆಗೆದ ತಮ್ಮ ಹಾಳೆ ಕಸದ ಬುಟ್ಟಿಯಲ್ಲಿದ್ದದ್ದನ್ನು ನೋಡಿದ್ದರು. ನನಗೂ ನೋವಾಯಿತು. ಸಮಾಧಾನ ಹೇಳಲು ಮಾತ್ರ ಹೋಗಲಿಲ್ಲ.

ಭಾನುವಾರ ಕ್ಯೂರೇಟರ್ ಬಂದಳು. ಸುರುಳಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಗ್ಗಿಕೊಂಡೇ ನಡೆದಳು. ನೀರು ಬಿದ್ದ ಕಡೆ ನಿಂತು, ಇದು ಹೇಗಾಯಿತು ಎಂದು ಕೇಳಿದಳು. ಮಲ್ಲಿಗೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ತಲೆಯಾಡಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಮ್ಯಾನೇಜರ್ ಒಳಗೆ ಹೋಗಿ ನನ್ನ ಪ್ರೊಬೇಷನ್ ಕಾಗದಕ್ಕೆ ಸಹಿ ಹಾಕಿ ತಂದು ಮೇಜಿನ ಮೇಲಿಟ್ಟು, ಮುಂದಿನ ಸಲ ಕಂಪನಿಯ ಹೊರಗೆ ಸತ್ಯ ಹೇಳುವ ಮೊದಲು ನನಗೊಂದು ಮಾತು ಹೇಳು ಎಂದರು.

ಪ್ರದರ್ಶನ ಶುರುವಾದ ಮೇಲೆ ಒಂದು ಸಂಜೆ ನಮ್ಮವರೇ ಹೋಗೋಣ ಎಂದರು. ಅಂಗಡಿಗೆ ಬಂದಿದ್ದ ಕೆಲವರು ಅಲ್ಲಿದ್ದರು, ಗಾಜಿನ ಮೇಲೆ ಬೆರಳಿಟ್ಟು ಇದು ನಂದು, ಇದು ನಂದು ಎಂದು ಗಂಡ ಮಕ್ಕಳಿಗೆ ತೋರಿಸುತ್ತಿದ್ದರು. ನಮ್ಮವರು ಜೋಡಣೆಗಳನ್ನೆಲ್ಲ ಇಂಜಿನಿಯರ್ ಕಣ್ಣಿನಲ್ಲಿ ನೋಡಿ, ಚೆಂದ ಕೂತಿದೆ ಎಂದರು. ಅದು ರಾಜಿಯ ಮಾತು ಎಂದು ನನಗೆ ಗೊತ್ತಾಯಿತು. ನಿನ್ನದು ಎಲ್ಲುಂಟು ಎಂದು ಕೇಳಿದರು. ನೀವೇ ಹುಡುಕಿ ಎಂದೆ.

ಒಂದು ಮುದ್ದಾದ ಬರಹ ತೋರಿಸಿದರು. ಅದು ಮೈಸೂರಿನವರದ್ದು. ಅಲ್ಲ ಎಂದೆ. ಇನ್ನೊಂದು ತೋರಿಸಿದರು, ಅದೂ ಅಲ್ಲ. ಮತ್ತೊಂದು, ಎಡಕ್ಕೆ ವಾಲಿದ್ದು. ಅಲ್ಲ. ಅವರ ಬರಹವನ್ನು ನಾನು ‘ಆರ್’ ಅಕ್ಷರದ ಒಂದು ಕಾಲಿನಲ್ಲಿ ಹಿಡಿದಿದ್ದೆ. ಅವರು ಗಾಜಿಗೆ ಇನ್ನೂ ಹತ್ತಿರ ಬಗ್ಗಿದರು. ಮುಖದ ಮೇಲಿನ ನಗು ನಿಧಾನವಾಗಿ ಹೋಯಿತು.

“ನಿನ್ನ ಅಕ್ಷರ ಹೇಗುಂಟು ಅಂತಲೇ ನನಗೆ ಗೊತ್ತಿಲ್ಲ ಮಾರಾಯ್ತಿ,” ಎಂದರು.

ನನ್ನದು ಅವರ ಎಡಗೈಯ ಕೆಳಗೇ ಇತ್ತು. ಮಗಳನ್ನು ಕರೆದುಕೊಂಡು ಬೆಂಚಿನ ಮೇಲೆ ಕುಳಿತೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಸುರುಳಿಯ ಮೊದಲ ತುದಿಗೆ ಹೋಗಿ, ಮೊದಲ ಹೆಸರಿನಿಂದ ಓದಲು ಶುರು ಮಾಡಿದರು.